ಒಂದೇ ಮುಖ, ಎರಡು ಪಾಸ್‌ಪೋರ್ಟು

ಘಟ್ಟ ಇಳಿಯುವ ಮುಂಚೆ

ವಿಮಾನದಲ್ಲಿ ನಾವು ಕೂತದ್ದು ಮೂರು ತಾಸಿಗೂ ಕಡಿಮೆ. ಉಳಿದ ಪ್ರಯಾಣವನ್ನೆಲ್ಲ ನಿಂತೇ ಮಾಡಿದೆವು. ಮಸ್ಕತ್ ಹೇಗಿತ್ತು ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಸಮುದ್ರವಲ್ಲ, ಕೋಟೆಯಲ್ಲ. ನೆಲದ ಮೇಲೆ ಬಳಿದ ಒಂದು ಹಳದಿ ಗೆರೆ, ಅದರ ಹಿಂದೆ ಕಾಲು ಬದಲಿಸುತ್ತ ನಿಂತ ನನ್ನ ಇಬ್ಬರು ಅತ್ತೆಯರ ಬೆನ್ನು.

ನಾನು ಗೋಕಾಕದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ತವರು ಮೂಡಲಗಿ ಕಡೆಯ ಮಸಗುಪ್ಪಿ. ಗಂಗವ್ವ ಮತ್ತು ಗೌರವ್ವ ನನ್ನ ಅಪ್ಪನ ಅಕ್ಕಂದಿರು, ಅವಳಿಗಳು. ಕಾಲು ತಾಸು ಮೊದಲು ಹುಟ್ಟಿದ ಗಂಗವ್ವ ಅತ್ತೆ ಎಪ್ಪತ್ತರ ಹತ್ತಿರ ಬಂದರೂ ಆ ಕಾಲು ತಾಸಿನ ಹಿರಿತನ ಬಿಟ್ಟುಕೊಟ್ಟವಳಲ್ಲ. ಅವಳನ್ನು ಕಣಗಲಾ ಊರಿನ ಒಕ್ಕಲು ಮನೆತನಕ್ಕೆ ಕೊಟ್ಟರು. ಗೌರವ್ವ ಅತ್ತೆಯನ್ನು ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿಯುವವರಿಗೆ ಕೊಟ್ಟರು. ಅವಳೂ ಅಲ್ಲಿಯೇ ನೂಲು ಸುತ್ತುವ ಕೆಲಸಕ್ಕೆ ಸೇರಿ, ಯಂತ್ರಗಳ ಸದ್ದಿನಲ್ಲಿ ಕಿವಿ ಕಳೆದುಕೊಂಡಳು. ಈಗ ಬಾಯಿಯ ಚಲನೆ ನೋಡಿ ಅಕ್ಕನ ಮಾತಷ್ಟೇ ಪೂರಾ ತಿಳಿದುಕೊಳ್ಳುತ್ತಾಳೆ. ಬೇರೆಯವರು ಕಿರುಚಬೇಕು.

ಗೌರವ್ವ ಅತ್ತೆಗೆ ಒಬ್ಬಳೇ ಮಗಳು, ಶೋಭಾ. ಮದುವೆಯಾಗಿಲ್ಲ, ಮಸ್ಕತ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್. ಹಿಂದಿನ ವರ್ಷ ಅವ್ವನನ್ನು ಕರೆಸಿಕೊಂಡು ಊರು ತೋರಿಸಬೇಕೆಂದು ಪಾಸ್‌ಪೋರ್ಟ್ ಮಾಡಿಸಲು ನನಗೆ ಹೇಳಿದ್ದಳು. ಅಕ್ಕ ಬಾರದೆ ನಾನು ಬರುವುದಿಲ್ಲ ಎಂದು ಗೌರವ್ವ ಅತ್ತೆ ಪಟ್ಟು ಹಿಡಿದದ್ದರಿಂದ ಎರಡು ಮಾಡಿಸಿದೆ. ಆ ಓಡಾಟವೇ ಒಂದು ಪ್ರವಾಸ. ಇಬ್ಬರ ಮುಖವೂ ಒಂದೇ, ಅಪ್ಪನ ಹೆಸರೂ ಒಂದೇ, ಹುಟ್ಟಿದ ದಿನ ಜೂನ್ ಒಂದು. ನಮ್ಮ ಕಡೆ ಆ ತಲೆಮಾರಿನ ಅರ್ಧ ಜನ ಕಾಗದದ ಮೇಲೆ ಜೂನ್ ಒಂದರಂದೇ ಹುಟ್ಟಿದ್ದಾರೆ. ಅಡ್ಡಹೆಸರು ಮಾತ್ರ ಗಂಡನ ಮನೆಯವು, ಒಬ್ಬಳು ಪಾಟೀಲ, ಇನ್ನೊಬ್ಬಳು ಉಪ್ಪಿನ. ವಿಚಾರಣೆಗೆ ಬಂದ ಪೊಲೀಸರು ಎರಡು ಫೋಟೋ ಎದುರಿಗಿಟ್ಟುಕೊಂಡು, "ಬಾಯಾರ, ಇವರು ಖರೇನ ಇಬ್ಬರದಾರೇನ್ರಿ?" ಎಂದು ನನ್ನನ್ನು ಕೇಳಿದ್ದರು. ಗಂಗವ್ವ ಅತ್ತೆಯ ಎಡಗಿವಿಯ ಹಾಲೆ ಹರಿದಿದೆ. ಭಾರದ ಝುಮಕಿ ಹಾಕಿ ಹರಿದದ್ದು. ಅದನ್ನು ತೋರಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಊರು ನೋಡುವ ಯೋಗ ಬರಲಿಲ್ಲ. ರಸ್ತೆ ದಾಟುವಾಗ ಶೋಭಾಳಿಗೆ ಕಾರು ಬಡಿಯಿತು. ತೊಡೆಯ ಎಲುಬು ಎರಡು ಕಡೆ ಮುರಿದು, ಬಹಳ ರಕ್ತ ಹೋಗಿತ್ತು. ಅವಳ ಜೊತೆ ಕೆಲಸ ಮಾಡುವ ನರ್ಸ್ ನನಗೆ ಫೋನ್ ಮಾಡಿ, ಐದು ದಿನ ಬಿಟ್ಟು ಮಧ್ಯಾಹ್ನ ನಾಲ್ಕಕ್ಕೆ ಆಪರೇಷನ್ ಇದೆ, ಸಣ್ಣದಲ್ಲ, ತಾಯಿ ಬರುವುದಾದರೆ ಅದಕ್ಕೂ ಮುಂಚೆ ಬರಲಿ ಎಂದಳು. ಇಬ್ಬರನ್ನೇ ಕಳಿಸುವಂತಿರಲಿಲ್ಲ, ಮೊದಲೇ ಪಾಸ್‌ಪೋರ್ಟ್ ಇದ್ದ ನಾನೂ ಹೊರಟೆ. ಮೂವರ ವೀಸಾ ಬಂದದ್ದು ಹೊರಡುವ ಹಿಂದಿನ ದಿನ. ಆಪರೇಷನ್ನಿನ ದಿನವೇ ಬೆಳಗಿನ ವಿಮಾನ ಸಿಕ್ಕಿತು.

ತಟ್ಟೆಯಲ್ಲಿ ಇಡಲಾಗದ್ದು

ಹಿಂದಿನ ದಿನವೇ ಘಟ್ಟ ಇಳಿದು, ವಿಮಾನ ನಿಲ್ದಾಣದ ಹತ್ತಿರ ಉಳಿದುಕೊಂಡಿದ್ದೆವು. ಬೆಳಿಗ್ಗೆ ಒಳಗೆ ಕಾಲಿಟ್ಟಾಗಿನಿಂದ ಕಾಗದ ತೋರಿಸುವುದೇ ಕೆಲಸ. ಬಾಗಿಲಲ್ಲಿ ಒಮ್ಮೆ, ಚೀಲ ಒಪ್ಪಿಸುವಲ್ಲಿ ಒಮ್ಮೆ, ಠಸ್ಸೆ ಒತ್ತುವಲ್ಲಿ ಒಮ್ಮೆ.

"ಆಗಳೇ ನೋಡಿದ್ರಲ್ಲ," ಎಂದಳು ಗಂಗವ್ವ ಅತ್ತೆ. "ಇಲ್ಲಿಂದ ಅಲ್ಲಿಗೆ ಬರೂದ್ರಾಗ ನಾವೇನ ಬ್ಯಾರೆ ಆಗ್ತೇವೇನ ನೀಲಾ?"

ಆಮೇಲೆ ಮೈ ತಪಾಸಣೆ. ಇಬ್ಬರ ಕೊರಳಲ್ಲೂ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತಪಾಸಣೆಯ ಹೆಣ್ಣುಮಗಳು ಅದನ್ನು ತೆಗೆದು ತಟ್ಟೆಯಲ್ಲಿಡಲು ಹಿಂದಿಯಲ್ಲಿ ಹೇಳಿದಳು. ಗೌರವ್ವ ಅತ್ತೆಗೆ ಕೇಳಿಸಲಿಲ್ಲ. ಕೇಳಿಸಿದ ಗಂಗವ್ವ ಅತ್ತೆ ಎರಡೂ ಕೈಯಿಂದ ಕರಡಿಗೆ ಮುಚ್ಚಿಕೊಂಡು ನಿಂತುಬಿಟ್ಟಳು.

"ಇದು ಮೈಮ್ಯಾಲಿಂದ ತಗಿಯಂಗಿಲ್ಲವ್ವ. ಸತ್ತರೂ ಸಂಗಾಟನ ಹೋಗೂದ ಇದು."

ನನ್ನ ಕೈಚೀಲ, ಕನ್ನಡಕ ಆಗಲೇ ಯಂತ್ರದೊಳಗೆ ಹೋಗಿದ್ದವು. ಮೂರೂ ಪಾಸ್‌ಪೋರ್ಟ್ ಆ ಚೀಲದಲ್ಲೇ ಇದ್ದವು. ಹಿಂದೆ ನಿಂತವರು ಗೊಣಗತೊಡಗಿದರು. ನಾನು ನನ್ನ ಹರಕು ಹಿಂದಿಯಲ್ಲಿ ಇದು ಆಭರಣವಲ್ಲ, ದೇವರು ಎಂದು ತಿಳಿಸಿ ಹೇಳಿದೆ. ಆ ಹೆಣ್ಣುಮಗಳು ಮೇಲಿನವರನ್ನು ಕೇಳಿ ಬಂದು ಪರದೆಯ ಹಿಂದೆ ಕರೆದೊಯ್ದಳು. ಅತ್ತೆಯಂದಿರು ತಾವೇ ಕರಡಿಗೆ ಬಿಚ್ಚಿ ಅಂಗೈ ಮೇಲಿಟ್ಟು ತೋರಿಸಿದರು. ಅವಳು ಬಗ್ಗಿ ನೋಡಿದಳು, ಮುಟ್ಟಲಿಲ್ಲ, ಹೋಗಿ ಎಂದು ತಲೆಯಾಡಿಸಿದಳು. ಅಷ್ಟರಲ್ಲಿ ನಮ್ಮ ವಿಮಾನದ ಹೆಸರು ಕೂಗುತ್ತಿದ್ದರು. ನಾನು ಚೀಲ ಬಾಚಿಕೊಂಡು, ಕನ್ನಡಕ ಹಾಕಿಕೊಳ್ಳುವ ಪುರಸೊತ್ತೂ ಇಲ್ಲದೆ, ಫೋಟೋ ನೋಡಿ ಒಬ್ಬೊಬ್ಬರ ಕೈಗೂ ಒಂದೊಂದು ಪಾಸ್‌ಪೋರ್ಟ್ ಕೊಟ್ಟೆ. ವಿಮಾನದ ಬಾಗಿಲಲ್ಲಿದ್ದ ಹುಡುಗಿ ಫೋಟೋ ನೋಡಿದಳು, ಮುಖ ನೋಡಿದಳು, ಒಳಗೆ ಬಿಟ್ಟಳು. ಅತ್ತೆಯಂದಿರು ತಂತಮ್ಮ ಎಲೆಯಡಿಕೆಯ ಸಂಚಿಯಲ್ಲಿ ಪಾಸ್‌ಪೋರ್ಟ್ ಇಟ್ಟು ದಾರ ಎಳೆದುಕೊಂಡರು.

ಹಳದಿ ಗೆರೆ

ಮಸ್ಕತ್ ಇಳಿದಾಗ ಅಲ್ಲಿನ ಗಡಿಯಾರದಲ್ಲಿ ಹತ್ತೂವರೆ. ಕಿಟಕಿಯಿಂದ ಬರಿಯ ಬಂಡೆಗುಡ್ಡಗಳು ಕಂಡವು. ಗೋಕಾಕದ ಗುಡ್ಡಗಳನ್ನು ಯಾರೋ ನೀರು, ಹುಲ್ಲು ಎಲ್ಲ ಒರೆಸಿ ಇಟ್ಟ ಹಾಗೆ. ಸಾಲು ಉದ್ದವಿತ್ತು. ಆದರೆ ಯಾರೂ ನುಗ್ಗಲಿಲ್ಲ, ಯಾರೂ ಜೋರಾಗಿ ಮಾತಾಡಲಿಲ್ಲ. ನಮ್ಮ ಬಸ್ ನಿಲ್ದಾಣದ ಗದ್ದಲಕ್ಕೆ ಒಗ್ಗಿದ ನನಗೆ ಅಷ್ಟು ಜನರ ಮೌನ ಆಸ್ಪತ್ರೆಯ ಮೌನದಂತೆ ಅನ್ನಿಸಿ ಇನ್ನಷ್ಟು ಆಯಾಸವಾಯಿತು.

ನಮ್ಮ ಸರದಿ ಬಂದಾಗ ಒಬ್ಬೊಬ್ಬರೇ ಬರಬೇಕೆಂದು ಸನ್ನೆ ಮಾಡಿದರು. ಗಂಗವ್ವ ಅತ್ತೆ ಮುಂದೆ ಹೋದಳು. ಗಾಜಿನ ಹಿಂದೆ ಬಿಳಿ ನಿಲುವಂಗಿ, ಕಸೂತಿಯ ಟೋಪಿ ಹಾಕಿದ ಅಧಿಕಾರಿ. ಪುಟ ತಿರುವಿ, ನಗುಮುಖದಿಂದಲೇ ಅವರು ಹೆಸರು ಓದಿದರು.

"ಗೌರವ್ವ?"

"ಅಲ್ರಿ. ನಾ ಗಂಗವ್ವ. ಗೌರವ್ವ ಇಲ್ಲೆ ಹಿಂದ ನಿಂತಾಳಲ್ಲ, ಅಕಿ."

ಮಾತು ತಿಳಿಯದಿದ್ದರೂ ಅವಳು ಅಲ್ಲಾಡಿಸಿದ ತಲೆ, ಹಿಂದಕ್ಕೆ ಚಾಚಿದ ಬೆರಳು ಅವರಿಗೆ ತಿಳಿದವು. ಹಿಂದೆ ನೋಡಿದರು. ಅದೇ ಮುಖ. ಅದೇ ವಿಭೂತಿ, ಅದೇ ಇಳಕಲ್ ಸೀರೆ, ಅದೇ ಹೊದ್ದ ಸೆರಗು. ಅವರ ನಗು ನಿಂತಿತು. ನಾನು ಗೆರೆ ದಾಟಿ ಓಡಿಹೋಗಿ, ತಪ್ಪು ನನ್ನದು, ಅದಲುಬದಲಾಗಿ ಕೊಟ್ಟಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಗೆರೆ ದಾಟಿದ್ದು ಇನ್ನೊಂದು ತಪ್ಪಾಯಿತು. ಅವರು ಸಿಟ್ಟಾಗಲಿಲ್ಲ. ಮೂರೂ ಪಾಸ್‌ಪೋರ್ಟ್ ತೆಗೆದುಕೊಂಡು ಎದ್ದು ನಿಂತರು. ಸಿಟ್ಟಾಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಕಿಟಕಿಯಿಲ್ಲದ ಕೋಣೆ

ನಮ್ಮನ್ನು ಕೂರಿಸಿದ್ದು ಕಿಟಕಿಯಿಲ್ಲದ ಕೋಣೆಯಲ್ಲಿ. ಒಬ್ಬ ಹಿರಿಯ ಅಧಿಕಾರಿ ಬಂದರು. ಇನ್ನೊಬ್ಬರ ಪಾಸ್‌ಪೋರ್ಟಿನ ಮೇಲೆ ದೇಶದೊಳಗೆ ಬರಲು ನೋಡುವುದು ಸಣ್ಣ ವಿಷಯವಲ್ಲ, ಯಾರು ಯಾರೆಂದು ಖಚಿತವಾಗುವವರೆಗೆ ಬಿಡಲಾಗುವುದಿಲ್ಲ, ಖಚಿತವಾಗದಿದ್ದರೆ ಸಂಜೆಯ ವಿಮಾನಕ್ಕೆ ಹಿಂದೆ ಕಳಿಸಬೇಕಾಗುತ್ತದೆ ಎಂದರು. ಹರಿದ ಕಿವಿ ತೋರಿಸಿದೆ. ಫೋಟೋದಲ್ಲಿ ಹಾಲೆಯ ಮೇಲೆ ನೆರಳು ಬಿದ್ದಿತ್ತು. ಆಸ್ಪತ್ರೆಯ ವಿಷಯ ಹೇಳಿದೆ. ನಾಲ್ಕು ಗಂಟೆ ಎಂದೆ. ಅವರು ಗೋಡೆಯ ಗಡಿಯಾರ ನೋಡಿ, ಕನ್ನಡ ಬಲ್ಲವರನ್ನು ಕರೆಸುತ್ತೇನೆ, ನೀವು ನಡುವೆ ಬಾಯಿ ಹಾಕಬಾರದು ಎಂದು ಹೊರಗೆ ಹೋದರು.

ಹನ್ನೆರಡಾಯಿತು. ಒಂದಾಯಿತು. ಒಬ್ಬಾತ ಸಣ್ಣ ಬಟ್ಟಲುಗಳಲ್ಲಿ ಏಲಕ್ಕಿ ಹಾಕಿದ ಕಪ್ಪು ಕಾಫಿ, ಒಂದು ತಟ್ಟೆ ಖರ್ಜೂರ ತಂದಿಟ್ಟ. ತಾವು ತಡೆದು ಕೂರಿಸಿದವರಿಗೂ ಉಪಚಾರ ಮಾಡುವ ರೂಢಿ ಅಲ್ಲಿಯದು. ನಮ್ಮಲ್ಲಿ ಬಾಜೂ ಮನೆಯವರು ಬಂದರೂ ಚಹಾದಲ್ಲಿ ಸಕ್ಕರೆ ಮುಂದಾಗಿರುತ್ತದೆ. ಇದರಲ್ಲಿ ಸಕ್ಕರೆಯೇ ಇಲ್ಲ. ಗಂಗವ್ವ ಅತ್ತೆ ಒಂದು ಗುಟುಕು ಕುಡಿದು, ಕಷಾಯ ಎಂದು ತಂಗಿಗೆ ಸನ್ನೆ ಮಾಡಿದಳು. ಗೌರವ್ವ ಅತ್ತೆ ಮಗಳ ಆಸ್ಪತ್ರೆಯಿಂದ ಬಂದ ಔಷಧವೆಂದು ತಿಳಿದಳೋ ಏನೋ, ಕಣ್ಣು ಮುಚ್ಚಿ ಪೂರಾ ಕುಡಿದಳು.

ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು. ಸಿಟ್ಟು ಬರಬೇಕಾದದ್ದು ನನ್ನ ಮೇಲೆ ಎಂದು ಗೊತ್ತಿದ್ದರಿಂದ ಅದು ಇನ್ನೂ ಹೆಚ್ಚಾಗಿತ್ತು. "ಅತ್ತಿ, ಈಗ ಕೇಳಾಕ ಬರ್ತಾರ," ಎಂದೆ. "ಕೇಳಿದ್ದಕ್ಕ ಖರೆ ಹೇಳ್ರಿ. ಒಂದ ಸುಳ್ಳ ಸಿಕ್ತಂದ್ರ ಹೊಳ್ಳಿ ಕಳಸ್ತಾರ. ಶೋಭಾನ್ನ ನೋಡಾಕ ಆಗಂಗಿಲ್ಲ."

ಗಂಗವ್ವ ಅತ್ತೆ ಅದನ್ನು ತಂಗಿಗೆ ತುಟಿಯಾಡಿಸಿ ತಿಳಿಸಿದಳು.

ಒಂದೂವರೆಗೆ ಹಿರಿಯ ಅಧಿಕಾರಿ ಇಬ್ರಾಹಿಂ ಎಂಬ ನಡುವಯಸ್ಸಿನವರನ್ನು ಕರೆತಂದರು. ಬಂಟ್ವಾಳ ಕಡೆಯವರು, ಸಾಮಾನು ಸಾಗಿಸುವ ವಿಭಾಗದಲ್ಲಿ ಕೆಲಸ. ನನ್ನನ್ನು ಹಿಂದಿನ ಕುರ್ಚಿಗೆ ಕಳಿಸಿದರು. ಗಂಗವ್ವ ಅತ್ತೆಯನ್ನು ಹೊರಗೆ ಕೂರಿಸಿ ಮೊದಲು ಗೌರವ್ವ ಅತ್ತೆಯನ್ನು ಕೇಳಿದರು.

"ಅಮ್ಮ, ನಿಮ್ಮ ಹೆಸರೆಂತ?" ಎಂದರು ಇಬ್ರಾಹಿಂ.

ಅವಳು ಅವರ ಬಾಯಿಯನ್ನೇ ನೋಡಿದಳು. ಆ ಬಾಯಿ ಆಡುವ ಕನ್ನಡ ಅವಳು ಕಂಡದ್ದಲ್ಲ. ಕಿವಿ ಕೇಳುವುದಿಲ್ಲ ಎಂದು ನಾನು ಕೈಸನ್ನೆ ಮಾಡಿದೆ. ಅವರು ಹತ್ತಿರ ಹೋಗಿ ಕೂಗಿದರು. ಹೆಸರು, ಊರು, ಗಂಡನ ಹೆಸರು ಬಂದವು. ಮಸ್ಕತ್‌ನಲ್ಲಿರುವ ಹುಡುಗಿ ನಿಮಗೆ ಏನಾಗಬೇಕು ಎಂದು ನಾಲ್ಕು ಸಲ ಕೂಗಿದ ಮೇಲೆ ಅವಳಿಗೆ ತಿಳಿಯಿತು.

"ಮಗಳು. ನಾ ಅಕಿ ಅವ್ವ," ಎಂದಳು. "ಜಲ್ದಿ ಬಿಡ್ರಿ ಯಪ್ಪಾ."

ಹಿರಿಯ ಅಧಿಕಾರಿ ಕಾಗದದ ಮೇಲೆ ಗುರುತು ಹಾಕಿಕೊಂಡರು. ಆಮೇಲೆ ಅವಳನ್ನು ಹೊರಗೆ ಕಳಿಸಿ ಗಂಗವ್ವ ಅತ್ತೆಯನ್ನು ಕರೆದರು. ಹೆಸರು, ಊರು, ಗಂಡ. ಎಲ್ಲ ಸರಿ. ಕೊನೆಗೆ ಅದೇ ಪ್ರಶ್ನೆ.

"ಆ ಹುಡುಗಿಗೆ ನೀವು ಎಂತ ಆಗ್ಬೇಕು?"

ಗಂಗವ್ವ ಅತ್ತೆ ಸಂಚಿಯ ದಾರವನ್ನು ಬೆರಳಿಗೆ ಸುತ್ತಿಕೊಂಡಳು. ಅವಳು ಮಾತಿಗೆ ತಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಆಮೇಲೆ ಕೈಯಲ್ಲಿದ್ದ ಸಂಚಿಯನ್ನು ಮಡಿಲಲ್ಲಿಟ್ಟುಕೊಂಡು, ಮೆಲ್ಲಗೆ ಹೇಳಿದಳು.

"ಹಡದಾಕಿ ನಾ. ಸಾಕಿದಾಕಿ ಅಕಿ. ಕಾಗದದಾಗ ಅಕಿ ಹೆಸರೈತ್ರಿ."

ಇಬ್ರಾಹಿಂ ಅವರಿಗೆ ಮೊದಲ ಶಬ್ದವೇ ಅರ್ಥವಾಗಲಿಲ್ಲ. ಮೂಲೆಯಲ್ಲಿ ಕೂತ ನನ್ನ ಕಡೆ ತಿರುಗಿದರು.

"ಹಡದಾಕಿ ಅಂದ್ರೆ ಎಂತ ಮಾರಾಯ್ರೆ? ನಮ್ಮಲ್ಲಿ ಆ ಶಬ್ದ ಇಲ್ಲ."

ಹಿರಿಯ ಅಧಿಕಾರಿಯೂ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷ ಮಕ್ಕಳಿಗೆ ಶಬ್ದಗಳ ಅರ್ಥ ಬರೆಸಿದವಳು ನಾನು. ಹೆತ್ತವಳು ಎಂದುಬಿಟ್ಟರೆ ಇಬ್ಬರು ತಾಯಂದಿರು, ಒಬ್ಬಳು ಮಗಳು, ಅದಲುಬದಲಾದ ಪಾಸ್‌ಪೋರ್ಟ್, ಸಂಜೆಯ ವಿಮಾನ. ಇದನ್ನೆಲ್ಲ ಆಗ ಯೋಚಿಸಿದೆ ಎಂದು ಹೇಳಿದರೆ ಅದೂ ಪೂರ್ತಿ ನಿಜವಲ್ಲ. ನನಗೆ ಆ ಕ್ಷಣ ಶೋಭಾಳ ಮುಖ ಕೂಡ ನೆನಪಾಗಲಿಲ್ಲ. ಬಾಯಿ ತಾನೇ ಹೇಳಿತು.

"ದೊಡ್ಡಮ್ಮ. ತಾಯಿಯ ಅಕ್ಕ ಅಂತ."

"ಹಾಗೆ ಹೇಳ್ಲಿಕ್ಕೇನು," ಎಂದು ಇಬ್ರಾಹಿಂ ಅದನ್ನೇ ಅಧಿಕಾರಿಗೆ ದಾಟಿಸಿದರು. ವೀಸಾ ಕಾಗದದಲ್ಲೂ ಅದೇ ಇತ್ತು. ಅಧಿಕಾರಿ ಎರಡನೇ ಗುರುತು ಹಾಕಿದರು. ಗಂಗವ್ವ ಅತ್ತೆ ನನ್ನ ಮಾತು ಕೇಳಿಸಿಕೊಂಡಿದ್ದಳು. ತಿದ್ದಲಿಲ್ಲ.

ಮೂರು ಗಂಟೆಗೆ ಪಾಸ್‌ಪೋರ್ಟ್ ಅವರವರ ಕೈಗೆ ಬಂದವು. ಇನ್ನು ಮೇಲೆ ಕನ್ನಡಕ ಹಾಕಿಕೊಂಡು ಕೊಡಿ ಎಂದು ಆ ಹಿರಿಯ ಅಧಿಕಾರಿ ನನಗೆ ಹೇಳಿದರು. ಬಾಗಿಲವರೆಗೆ ಬಂದು ಬಿಟ್ಟರು.

ದಾರಿ

ಅಲ್ಲಿನ ರಸ್ತೆಗಳಲ್ಲಿ ಯಾರೂ ಹಾರ್ನ್ ಹಾಕುವುದಿಲ್ಲ. ಮನೆಗಳೆಲ್ಲ ಬಿಳಿ. ಇವಿಷ್ಟನ್ನೇ ನಾನು ಗಮನಿಸಿದೆ. ಟ್ಯಾಕ್ಸಿಯಲ್ಲಿ ಗೌರವ್ವ ಅತ್ತೆ ಮುಂದೆ ಕೂತಿದ್ದಳು. ಹಿಂದೆ ನಾವಿಬ್ಬರು.

"ಅಕಿಗೆ ಎರಡು ಕೂಸು ಹುಟ್ಟಿ ಹುಟ್ಟಿ ಹೋದುವು," ಎಂದಳು ಗಂಗವ್ವ ಅತ್ತೆ. ನಾನು ಪ್ರಶ್ನೆ ಕೇಳಿರಲಿಲ್ಲ. "ನನಗ ಮೂರಿದ್ದುವು. ನಾಕನೇದು ಇದು. ಹತ್ತನೇ ದಿನಕ್ಕ ಅಕಿ ಉಡ್ಯಾಗ ಹಾಕಿದೆ. ಮುಂದ ಸಾಲಿಗೆ ಹೆಸರು ಹಚ್ಚೂಮುಂದ ಅವ್ವ-ಅಪ್ಪ ಅಂತ ಅವರ ಹೆಸರು ಬರಸಿದ್ರು. ಬರೋಬ್ಬರಿ ಅದು."

"ಅಪ್ಪಗ ಗೊತ್ತಿತ್ತನ?"

"ನಿಮ್ಮಪ್ಪನ, ನನ್ನೂ ಕೂಸನ್ನೂ ಗಾಡ್ಯಾಗ ಕುಂಡ್ರಿಸಿಕೊಂಡ ಹೋಗಿ ಬಿಟ್ಟ ಬಂದಾಂವ. ಆವಾಗ ಯಾರೂ ಕಾಗದ ಕೇಳತಿದ್ದಿಲ್ಲ." ಸ್ವಲ್ಪ ಹೊತ್ತು ಕಿಟಕಿ ಕಡೆ ನೋಡಿದಳು. "ಖರೆ ಹೇಳ್ರಿ ಅಂದಿ. ಹೇಳಿದೆ. ನೀ ಹೇಳಿದ್ದ ಛಲೋ ಆತು."

"ಶೋಭಾಗ?"

"ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ."

ಮುಂದಿನ ಸೀಟಿನಲ್ಲಿ ಗೌರವ್ವ ಅತ್ತೆ ಬೆನ್ನು ನೆಟ್ಟಗೆ ಮಾಡಿ ರಸ್ತೆ ನೋಡುತ್ತಿದ್ದಳು. ಏನೂ ಕೇಳಿಸಿರಲಿಕ್ಕಿಲ್ಲ. ಕಾರಿನ ಕನ್ನಡಿಯಲ್ಲಿ ಅಕ್ಕನ ತುಟಿ ಕಾಣುತ್ತಿತ್ತೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ.

ಆಸ್ಪತ್ರೆ

ಅಲ್ಲಿಯೂ ಮೇಜು, ಅಲ್ಲಿಯೂ ಪಾಸ್‌ಪೋರ್ಟ್. ಒಳಗೆ ಒಬ್ಬರೇ, ಅದೂ ತಾಯಿ ಮಾತ್ರ ಎಂದರು. ಗೌರವ್ವ ಅತ್ತೆಗೆ ಚೀಟಿ ಕೊಟ್ಟರು. ಅವಳು ಚೀಟಿ ಹಿಡಿದು, ಅಕ್ಕನ ರಟ್ಟೆ ಹಿಡಿದು, ನಡೆಯಲು ಶುರು ಮಾಡಿದಳು. ಮೇಜಿನವರು ಕರೆದರು. ಅವಳಿಗೆ ಕೇಳಿಸುವುದಿಲ್ಲ. ಎದ್ದು ಅಡ್ಡ ಬಂದರು. ಅವಳು ಅವರ ಬಾಯಿ ನೋಡುವುದನ್ನು ಬಿಟ್ಟು ನೆಲ ನೋಡಿಕೊಂಡು ನಿಂತಳು, ರಟ್ಟೆ ಬಿಡಲಿಲ್ಲ. ನಮಗೆ ಫೋನ್ ಮಾಡಿದ್ದ ನರ್ಸ್ ಅಷ್ಟರಲ್ಲಿ ಬಂದು ಏನೋ ಹೇಳಿ ಮೂವರನ್ನೂ ಒಳಗೆ ಕರೆದುಕೊಂಡು ಹೋದಳು. ಹತ್ತು ನಿಮಿಷ ಮಾತ್ರ ಎಂದಳು.

ಶೋಭಾ ಬೆಳ್ಳಗೆ ಬಿಳಿಚಿಕೊಂಡಿದ್ದಳು. ಹಸಿರು ಅಂಗಿ, ಬಿಚ್ಚಿದ ತಲೆ.

"ಇಷ್ಟೊತ್ತ ಯಾಕವ್ವ?" ಎಂದಳು ಅವ್ವನಿಗೆ.

"ಕಾಗದ ನೋಡಾಕತ್ತಿದ್ರು," ಎಂದಳು ಗಂಗವ್ವ ಅತ್ತೆ, ತಂಗಿಯ ಪರವಾಗಿ, ಯಾವಾಗಲೂ ಮಾಡುವ ಹಾಗೆ.

ಆಪರೇಷನ್ನಿನ ಟೋಪಿಯೊಳಗೆ ಕೂರುವಂತೆ ಕೂದಲನ್ನು ಎರಡು ಹೆರಳು ಹಾಕಬೇಕಿತ್ತು. ನರ್ಸ್ ಬಾಚಣಿಗೆ ತಂದಳು. ಗೌರವ್ವ ಅತ್ತೆ ಅದನ್ನು ಇಸಿದುಕೊಂಡು ನಡುಬೈತಲೆ ತೆಗೆದು, ಬಲಗಡೆಯ ಕೂದಲು ತಾನು ಹಿಡಿದು, ಎಡಗಡೆಯದನ್ನು ಅಕ್ಕನ ಕಡೆ ಸರಿಸಿದಳು. ಇಬ್ಬರೂ ಮಂಚದ ಎರಡು ಬದಿಗೆ ನಿಂತು ಹೆಣೆದರು. ಗಂಗವ್ವ ಅತ್ತೆ ಹಾಕಿದ ಹೆರಳು ಸಡಿಲಾಯಿತು. ಬಿಚ್ಚಿ ಮತ್ತೆ ಹಾಕಿದಳು. ಶೋಭಾ ಕಣ್ಣು ಮುಚ್ಚಿಕೊಂಡಿದ್ದಳು. ನಾಲ್ಕು ಗಂಟೆಗೆ ಐದು ನಿಮಿಷ ಇರುವಾಗ ಅವಳನ್ನು ಒಳಗೆ ಒಯ್ದರು.

ಮರಳಿ ಗೋಕಾಕ

ಆಪರೇಷನ್ ಐದು ತಾಸು ಹಿಡಿಯಿತು. ಎಲುಬು ಕೂಡಿತು. ನಾಲ್ಕನೇ ವಾರ ಶೋಭಾ ಕೋಲು ಹಿಡಿದು ಎರಡು ಹೆಜ್ಜೆ ಇಟ್ಟದ್ದನ್ನು ನೋಡಿ ನಾವು ಹಿಂತಿರುಗಿದೆವು. ಬರುವಾಗ ಪಾಸ್‌ಪೋರ್ಟ್ ನಾನು ಯಾರ ಕೈಗೂ ಕೊಡಲಿಲ್ಲ. ಪ್ರತಿ ಮೇಜಿನಲ್ಲೂ ಹೆಸರು ಓದಿ, ಮುಖ ನೋಡಿ ಮುಂದಿಟ್ಟೆ. ಯಾರೂ ಏನೂ ಕೇಳಲಿಲ್ಲ. ಘಟ್ಟ ಹತ್ತುವಾಗ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ನಿದ್ದೆ ಹೋದರು. ನನಗೂ ಅಷ್ಟು ಆಯಾಸವಾಗಿತ್ತು, ಆದರೆ ನಿದ್ದೆ ಬರಲಿಲ್ಲ.

ಈ ಪ್ರವಾಸದ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು, ಆ ಕೋಣೆಗೆ ಬಂದಾಗೆಲ್ಲ ಪೆನ್ನು ಕೆಳಗಿಟ್ಟಿದ್ದೇನೆ. ಆ ಭಾಗ ಬಿಟ್ಟರೆ ಉಳಿಯುವುದು ಬರೀ ಸಾಲುಗಳು, ಠಸ್ಸೆಗಳು. ಹೋದ ತಿಂಗಳು ಶೋಭಾ ಫೋನ್ ಮಾಡಿದಾಗ, ಬರೆಯುವುದು ಯಾಕೆ ನಿಂತಿದೆ ಎಂದು ಅವಳೇ ಕೇಳಿದಳು. ನೀನು ಏನಾಗಬೇಕೆಂದು ಅತ್ತೆಯಂದಿರನ್ನು ಆ ಕೋಣೆಯಲ್ಲಿ ಕೇಳಿದ್ದರು, ಅಲ್ಲಿಗೆ ಬಂದು ನಿಂತಿದೆ ಎಂದಷ್ಟೇ ಹೇಳಿ ಹಾರಿಸಿದೆ.

"ನೀಲಕ್ಕಾ, ಹಡದಾಕಿ ಯಾರಂತ ನನಗ ಸಾಲಿ ಕಲಿಯುವಾಗಿಂದ ಗೊತ್ತೈತಿ," ಎಂದಳು. "ಅವರು ಹೇಳಲಿಲ್ಲ, ನಾ ಕೇಳಲಿಲ್ಲ. ನೀ ಬರಿ. ಅವರಿಬ್ಬರಿಗೂ ಓದಾಕ ಬರಂಗಿಲ್ಲ."